ಹಗಲುಗಥೆಗೆ ಹೂಂಗುಟ್ಟಿದ ಅಜ್ಜನವರು

ಮಠವೆಂದರೆ ದೊಡ್ಡ ಮಠವೇನಲ್ಲ. ಹೊಳೆದಂಡೆಯ ಮೇಲೊಂದು ಬೇವಿನ ಮರ, ಅದರ ಬುಡಕ್ಕೆ ಜೋಳದ ದಂಟಿನ ಗುಡಿಸಲು. ಪೂಜ್ಯ ಅಡವಯ್ಯಜ್ಜನವರು ಅಲ್ಲೇ ವಾಸವಾಗಿದ್ದರು. ಗದ್ದುಗೆಯೆಂದರೆ ಹರಿದ ಕಂಬಳಿ. ಜನರನ್ನು ಹೊಳೆ ದಾಟಿಸುವ ಅಂಬಿಗರ ಹರಿಗೋಲಿಗೆ ತೂತು ಬಿದ್ದರೆ ಡಾಂಬರು ಬಳಿದು ತೇಪೆ ಹಾಕಿಕೊಡುವುದೇ ಅವರ ಪೂಜೆ, ಅದೇ ಜಪ.

ಒಂದು ಸುಡುಬಿಸಿಲಿನ ಮಧ್ಯಾಹ್ನ ಫಕೀರವ್ವ ಎಂಬಾಕೆ ಅಲ್ಲಿಗೆ ಬಂದಳು. ಒಬ್ಬಳೇ ಬಂದಳು. ಹನ್ನೆರಡು ವರ್ಷದಿಂದ ಆಕೆ ಎಲ್ಲಿಗೆ ಹೋದರೂ ಒಬ್ಬಳೇ.

ಅದೇನಾಗಿತ್ತೆಂದರೆ, ನಮ್ಮ ಕಡೆ ಹಗಲುಹೊತ್ತು ಕಥೆ ಹೇಳಬಾರದು ಅನ್ನುತ್ತಾರೆ. ಹೇಳಿದರೆ ಕೇಳುವ ಕೂಸಿನ ಸೋದರಮಾವ ದಾರಿ ತಪ್ಪುತ್ತಾನಂತೆ. ಫಕೀರವ್ವನಿಗೂ ಇದು ಗೊತ್ತಿತ್ತು. ಆದರೆ ಜ್ವರದಲ್ಲಿ ಬೇಯುವ ಏಳೆಂಟು ವರ್ಷದ ಮಗಳು "ಯವ್ವಾ, ಕಥಿ ಹೇಳ" ಎಂದು ಅತ್ತರೆ ಯಾವ ತಾಯಿ ಹೊತ್ತು ನೋಡುತ್ತಾಳೆ? ಹೇಳಿದಳು. ಕೂಸನ್ನು ನೋಡಲೆಂದು ಅದೇ ಹಗಲು ತವರಿನಿಂದ ಹೊರಟಿದ್ದ ಅಣ್ಣ ಶಿದ್ರಾಮ ಬರಲೇ ಇಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಕೂಸು ಉಳಿಯಿತು. "ನಿನ್ನ ಬಾಯಿಂದನ ನನ್ನ ಮಗ ಹಾಳಾದ" ಎಂದು ಹೆತ್ತವ್ವನೇ ಬಾಗಿಲು ಹಾಕಿಕೊಂಡಳು. ಊರ ಹೆಂಗಸರು ತಮ್ಮ ಮಕ್ಕಳನ್ನು ಆಕೆಯ ಹತ್ತಿರ ಸುಳಿಯಗೊಡಲಿಲ್ಲ. ಫಕೀರವ್ವ ಕಥೆ ಬಿಟ್ಟಳು, ಬರಬರುತ್ತ ಮಾತೂ ಬಿಟ್ಟಳು. ಮಗಳು ಗಂಡನ ಮನೆಗೆ ಹೋದ ಮೇಲಂತೂ ಗೋಡೆಯೇ ಜೊತೆ.

"ಅಜ್ಜಾರ, ಈ ನಾಲಗಿಗಿ ಏನಾರ ಶಿಕ್ಷಾ ಕೊಡ್ರಿ" ಎನ್ನುತ್ತ ನಡೆದದ್ದನ್ನೆಲ್ಲ ಹೇಳಿ ಕಾಲಿಗೆರಗಲು ಬಂದಳು.

ಹರಿಗೋಲಿಗೆ ತೇಪೆ ಹಾಕುತ್ತ ಕುಳಿತಿದ್ದ ಅಜ್ಜನವರು ಡಾಂಬರು ಮೆತ್ತಿದ ಕೈ ಮೇಲೆತ್ತಿ, "ದೂರವ್ವ, ದೂರ! ಸೀರಿಗಿ ಡಾಂಬರ ಹತ್ತೀತು" ಎಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: "ಅವತ್ತಿನ ಕಥಿ ಮುಗಿಸಿದ್ಯೇನು?"

"ಇಲ್ರಿ. ಕೂಸು ನಿದ್ದಿ ಹೋತು. ಕಥಿಯಾಗಿನ ಹುಡುಗಿ ಆಲದ ಮರ ಏರಿದ್ಲು. ಕೆಳಗ ರಾಕ್ಷಸಿ ಬಾಯಿ ತಕ್ಕೊಂಡು ಕುಂತಿದ್ಲು."

"ಹನ್ನೆರಡು ವರ್ಷ ಆ ಹುಡುಗಿನ್ನ ಮರದ ಮ್ಯಾಲ ಕುಂಡ್ರಿಸಿ ಬಿಟ್ಟಿಯಲ್ಲ ತಾಯಿ! ಇಳಸು ಆಕಿನ್ನ. ನಾ ಹೂಂ ಅಂತೀನಿ."

ಫಕೀರವ್ವ ಹಿಂದೆ ಸರಿದಳು. "ಹಗಲ್ರಿ ಅಜ್ಜಾರ! ಇನ್ಯಾರು ದಾರಿ ತಪ್ಪಬೇಕ್ರಿ?"

"ಸಣ್ಣಾಂವ ಇದ್ದಾಗ ನಮ್ಮಜ್ಜಿ ಕಥಿಗಿ ಹೂಂ ಅಂತಿದ್ದೆ. ಕಣ್ಣಿಗೆ ಕಾಣದ್ದಕ್ಕ ಹೂಂ ಅನ್ನೂದು ಅಲ್ಲೇ ಕಲ್ತೆ. ಶಿವನ ಹೆಸರು ಆಮ್ಯಾಲ ಬಂತು. ಹೇಳು."

ಹೂಂಗುಟ್ಟುವವರಿಲ್ಲದೆ ಕಥೆ ಒಂದು ಹೆಜ್ಜೆಯೂ ಇಡುವುದಿಲ್ಲ, ನಿಮಗೂ ಗೊತ್ತಲ್ಲ. ಅಜ್ಜನವರು ಹೂಂ ಅಂದರು. ಆಕೆ ಶುರುಮಾಡಿದಳು. ಕಥೆಯಲ್ಲಿ ಕತ್ತಲಾಯಿತು, ಟೊಂಗೆ ಮುರಿಯತೊಡಗಿತು, ಹುಡುಗಿ ಕೂಗಿದಳು. ಅಲ್ಲಿಗೆ ಕಥೆ ನಿಂತಿತು. ಮುಂದಿನ ಮಾತು ಆಕೆಗೆ ಗೊತ್ತಿತ್ತು. ಅವ್ವ ಕಲಿಸಿದ್ದ ಮಾತೇ ಅದು. ಅದನ್ನು ಯಾವ ಬಾಯಿಂದ ಆಡುವುದು?

"ಹೂಂ" ಅಂದರು ಅಜ್ಜನವರು. ಅಂಬಿಗರ ಇನ್ನೊಂದು ಹರಿಗೋಲು ಆಚೆ ದಡಕ್ಕೆ ಹೋಯಿತು. "ಹೂಂ." ಹರಿಗೋಲು ತಿರುಗಿ ಬಂತು. ತೇಪೆಯ ಡಾಂಬರು ಆರಿತು. "ಹೂಂ, ಮುಂದ?"

"ಅಣ್ಣ... ಅವರಣ್ಣ ಏಣಿ ಹೊತ್ಕೊಂಡು ಬಂದ್ನಂತ್ರಿ!"

ಅಂದವಳೇ ನೆಲಕ್ಕೆ ಕುಸಿದು, ಹನ್ನೆರಡು ವರ್ಷ ಕಟ್ಟಿಟ್ಟ ಅಳುವನ್ನೆಲ್ಲ ಅತ್ತಳು. ಹೊಳೆ ದಾಟಲು ಬಂದಿದ್ದ ನಾಲ್ಕೈದು ಜನ ಹರಿಗೋಲು ಹತ್ತುವುದನ್ನೇ ಮರೆತು ನಿಂತಿದ್ದರು. ಅವರಲ್ಲೊಬ್ಬ ಮುದುಕ ಕಣ್ಣೊರೆಸಿಕೊಂಡು, "ರಾಕ್ಷಸಿ ಏನಾದ್ಲಬೇ? ಅದನ್ನೂ ಹೇಳಿಬಿಡು" ಅಂದ.

ಅಜ್ಜನವರು ಹೇಳಿದರು: "ನಿಮ್ಮಣ್ಣ ಎಲ್ಲಿದಾನೋ ನಾನೂ ಅರಿಯೆ, ತಂಗಿ. ಕಥಿಯಿಂದ ಯಾರೂ ದಾರಿ ತಪ್ಪಂಗಿಲ್ಲ. ತಪ್ಪಿದವ್ರಿಗೆ ತಿರುಗಿ ಬರಾಕ ಒಂದು ದನಿ ಬೇಕು. ಗಟ್ಟಿಯಾಗಿ ಹೇಳು."

ಅಂದಿನಿಂದ ಫಕೀರವ್ವ ದಿನವೂ ನಡುಹಗಲಿನಲ್ಲಿ ಆ ಬೇವಿನ ಕೆಳಗೆ ಕಥೆ ಹೇಳುತ್ತಿದ್ದಳು. ಶಿದ್ರಾಮ ಬರಲಿಲ್ಲ. ಅಜ್ಜನವರೂ ಕಾಲಾಂತರದಲ್ಲಿ ಲಿಂಗೈಕ್ಯರಾದರು. ಮಳೆಗಾಲದಲ್ಲಿ ಹೊಳೆ ತುಂಬಿ, ದಾಟುವವರು ಯಾರೂ ಇಲ್ಲದ ದಿನವೂ ಆಕೆ ಬಂದು ಕೂರುತ್ತಿದ್ದಳು. ಕಥೆ ಶುರುಮಾಡಿ, ಒಂದು ಗಳಿಗೆ ಸುಮ್ಮನಾಗಿ ಕಿವಿಗೊಡುತ್ತಿದ್ದಳು. ಆಮೇಲೆ ತಲೆಯಾಡಿಸಿ ಮುಂದುವರಿಸುತ್ತಿದ್ದಳು. ಆಕೆಗೆ ಹೂಂ ಕೇಳಿಸುತ್ತಿತ್ತು.