ಪಟ್ಟಿಯ ಕೆಳಗಿನ ಕುಂಕುಮ

"ಬುದ್ಧಿ, ಅಣ್ಣನ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದೆ. ಆದರೂ ಜಗಳ ಮತ್ತೆ ಎದ್ದು ಕೂರುತ್ತದೆ. ಕೇಳಿದ ಕ್ಷಮೆ ಏಕೆ ನಿಲ್ಲುವುದಿಲ್ಲ?" ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಅಣ್ಣನ ಮನೆಯ ಗೃಹಪ್ರವೇಶ ಹತ್ತಿರ ಬಂದಿತ್ತು. ಹೋಗದಿದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು. ಹೋದರೆ ನೆಂಟರೆಲ್ಲರ ಎದುರು ರಂಪ. ಅವನಿಗೆ ದಾರಿ ಕಾಣುತ್ತಿರಲಿಲ್ಲ.

ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನಿಗೊಂದು ಕಾರಿತ್ತು. ಗೀರು ಬೀಳದಿರಲೆಂದು ಕಾರಿನ ಬಾಗಿಲಿಗೆ ಉದ್ದಕ್ಕೊಂದು ಕಪ್ಪು ಪಟ್ಟಿ ಅಂಟಿಸಿರುತ್ತಾರಲ್ಲ, ಅದರ ತುದಿ ಬಿಟ್ಟುಕೊಂಡಿತು. ವರ್ತಕ ಗೋಂದು ಹಚ್ಚಿ ಹೆಬ್ಬೆರಳಿನಿಂದ ಒತ್ತಿದ. ಅಂಟಿತು. ರಸ್ತೆಗಿಳಿದು ಗಾಳಿ ಹೊಡೆದೊಡನೆ ಬಿಟ್ಟಿತು. ಮತ್ತೆ ಹಚ್ಚಿದ, ಮತ್ತೆ ಬಿಟ್ಟಿತು. ಗೋಂದೇ ಸರಿಯಿಲ್ಲವೆಂದು ಮಾರಿದವನನ್ನು ಬೈದು ಬೇರೆಯದು ತಂದ. ಅದೂ ನಿಲ್ಲಲಿಲ್ಲ. ಕಾರು ಹೋದಲ್ಲೆಲ್ಲ ಪಟ್ಟಿ ಪಟಪಟ ಬಡಿಯುತ್ತಿತ್ತು.

"ಏನ್ ಸಾಹುಕಾರ್ರೇ, ಕಾರು ರೆಕ್ಕೆ ಬಡಿಯೋದು ಕಲಿತಂಗಿದೆ. ಹಾರಿಸೋ ದಿನ ನಮಗೂ ಒಂದು ಮಾತು ಹೇಳಿ" ಎಂದ ಪಕ್ಕದ ಅಂಗಡಿಯವ.

ಬೇರೆ ದಿನವಾಗಿದ್ದರೆ ವರ್ತಕ ನಕ್ಕುಬಿಡುತ್ತಿದ್ದನೋ ಏನೋ. ಮಗಳನ್ನು ನೋಡಲು ಗಂಡಿನ ಕಡೆಯವರು ಮರುದಿನ ರೈಲಿಗೆ ಬರುವವರಿದ್ದರು. ಅವರನ್ನು ಇದೇ ಕಾರಿನಲ್ಲಿ ಕರೆತರಬೇಕು. ಒಂದು ಪಟ್ಟಿ ಅಂಟಿಸಲಾಗದವನು ಮದುವೆ ಏನು ಮಾಡಿಕೊಟ್ಟಾನು ಎಂದು ಅವರಿಗೆ ಅನ್ನಿಸಿದರೆ?

ಗೋಂದು ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತವನ ಬಳಿಗೆ ಹೆಂಡತಿ ಬಂದಳು. ಪಟ್ಟಿಯ ತುದಿ ಎತ್ತಿ ಇಣುಕಿದಳು. ಆಯುಧಪೂಜೆಯ ದಿನ ಬಾಗಿಲಿಗೆ ಬಳಿದ ಅರಿಶಿನ ಕುಂಕುಮ ಒಳಗೆ ಇಳಿದು ಒಣಗಿ ಹಕ್ಕಳೆಗಟ್ಟಿತ್ತು. ಅದರ ಮೇಲೆ ಗೋಂದು ಪದರ ಪದರವಾಗಿ ಕೂತಿತ್ತು.

"ಇದನ್ನ ಒರೆಸಲಿಲ್ಲವೇನ್ರೀ?"

"ಪೂಜೆ ಕುಂಕುಮ ಕಣೇ. ಒರೆಸೋದುಂಟಾ?"

"ನನ್ನ ಹಣೆಯದನ್ನೇ ದಿನಾ ತೊಳೆದು ಹೊಸದು ಇಟ್ಕೋತೀನಿ. ಪಾಪ, ಗೋಂದು ಮಾರಿದವನನ್ನ ಸುಮ್ಮನೆ ಬೈದ್ರಿ. ಅದು ಚೆನ್ನಾಗೇ ಅಂಟಿದೆ, ಕುಂಕುಮಕ್ಕೆ. ಕಾರಿಗೆ ಎಲ್ಲಿ ಅಂಟಿದೆ?"

ವರ್ತಕ ಪಟ್ಟಿಯನ್ನು ಪೂರ್ತಿ ಬಿಡಿಸಿದ. ಹಳೆಯ ಗೋಂದು ಕೆರೆದ. ಒದ್ದೆ ಬಟ್ಟೆಯಿಂದ ಬಾಗಿಲು ಉಜ್ಜಿ, ಬಿಸಿಲಿಗೆ ಒಣಗಲು ಬಿಟ್ಟ. ಆಮೇಲೆ ಹೊಸ ಗೋಂದನ್ನು ತೆಳ್ಳಗೆ ಹಚ್ಚಿ ಅಂಟಿಸಿದ.

ಮರುದಿನ ಮನೆಯ ಮುಂದೆ ಗಂಡಿನ ಸೋದರಮಾವ ಕಾರಿನಿಂದ ಇಳಿದ. ಆಳು ದಢೂತಿ. ಬಾಗಿಲನ್ನು ದಢಾರನೆ ಹಾಕಿದ. ಕಾರೆಲ್ಲ ಅಲ್ಲಾಡಿತು, ಪಟ್ಟಿ ಅಲ್ಲಾಡಲಿಲ್ಲ.

"ಬಾಗಿಲು ಸರಿಯಾಗಿ ಕೂತಂಗಿಲ್ಲ, ಇನ್ನೊಂದು ಸಲ ಹಾಕಿಬಿಡಿ" ಎಂದ ವರ್ತಕ.

ಕತೆ ಕೇಳಿ ಶಿಷ್ಯ ಬಹಳ ದಿನಗಳ ಮೇಲೆ ಮನಸಾರೆ ನಕ್ಕ. "ಎಂಥ ಮಡ್ಡ ಅವನು, ಬುದ್ಧಿ. ಪೂಜೆಯದು ಅಂತ ಕೂಡಿಟ್ಟುಕೊಂಡು, ಗೋಂದನ್ನು ಬೈಯುತ್ತಿದ್ದನಲ್ಲ" ಎಂದ.

ಗುರುಗಳೂ ನಕ್ಕರು. ನಗುತ್ತಲೇ ಕೇಳಿದರು:

"ಅಣ್ಣನಿಗೆ 'ತಪ್ಪಾಯಿತು' ಅನ್ನುವ ಮೊದಲು, 'ನ್ಯಾಯವೇನೋ ನನ್ನ ಕಡೆಯೇ ಇದೆ, ಆದರೂ' ಅಂದೆಯೋ, ಇಲ್ಲವೋ?"