ನೀಲಿ ಬೆರಳಿನ ಮೂವತ್ತೊಂದು ಓಟು

ಕೇಳ್ರಪ್ಪ, ಯಾವ ವರ್ಷ ಅಂತ ಮಾತ್ರ ಕೇಳಬೇಡಿ. ನಮ್ಮಜ್ಜಿಗೇ ಗೊತ್ತಿರಲಿಲ್ಲ. ಬಲು ಹಿಂದೆ, ಬಸ್ಸು ಇನ್ನೂ ಈ ಕಡೆ ತಲೆ ಹಾಕದೆ ಇದ್ದಾಗ, ಇದೇ ಹೊಂಗೆಕೆರೆಯ ಬಣ್ಣದ ಬೀದಿಯಲ್ಲಿ ಸಿದ್ದೀರಮ್ಮ ಅಂತ ಒಬ್ಬಳಿದ್ದಳಂತೆ. ಬೀದಿಗೆಲ್ಲ ನೂಲಿಗೆ ನೀಲಿ ಬಣ್ಣ ಹಾಕೋದೇ ಕಸುಬು. ಅವಳು ಅದ್ದಿದ ನೂಲು ಮೂರು ತಲೆಮಾರು ಬಣ್ಣ ಬಿಡುತ್ತಿರಲಿಲ್ಲವಂತೆ. ನಾನೇನೂ ನೋಡಿಲ್ಲ, ಅಂತಾರೆ.

ಆ ಸಲ ಪಂಚಾಯ್ತಿ ಎಲೆಕ್ಷನ್ನಿಗೆ ಅವಳು ನಿಂತಳು. ಎದುರಿಗೆ ಅಕ್ಕಿ ಗಿರಣಿ ಮರಿಬಸಪ್ಪ. ಕೆಟ್ಟೋನಲ್ಲ ಬಿಡಿ, ತನ್ನ ಮೀಸೆ ಮೇಲೆ ಸ್ವಲ್ಪ ಮೋಹ ಜಾಸ್ತಿ. ಎಣಿಸಿದಾಗ ಸಿದ್ದೀರಮ್ಮ ಒಂಬತ್ತು ಓಟಿಗೆ ಸೋತಳಂತೆ. ಆದರೆ ಎಣಿಸೋ ಸಾಹೇಬರು ಮೂವತ್ತೊಂದು ಚೀಟಿಗಳನ್ನ ಎಣಿಸದೆ ಪಕ್ಕಕ್ಕೆ ಹಾಕಿದ್ದರು. ಯಾಕಂದ್ರೆ ಅವುಗಳ ಮೇಲೆಲ್ಲ ನೀಲಿ ಬೆರಳಿನ ಕಲೆ! ಹಾಕಿದೋರು ಯಾರು ಅಂತ ಗುರುತು ಸಿಗೋ ಚೀಟಿ ಕುಲಗೆಟ್ಟ ಓಟು ಅಂತ ಕಾನೂನು. ನಮ್ಮ ಬೀದಿ ಜನ ಮಾಡಿದ್ದೇನು ಗೊತ್ತಾ? ಓಟು ಹಾಕೋ ಕೈ ಶುದ್ಧವಾಗಿರಲಿ ಅಂತ ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದು, ಒದ್ದೆ ಕೈಯಲ್ಲೇ ಓಡಿದ್ದರು, ಮಂಕುಗಳು! ಅದಕ್ಕೇ ಬಣ್ಣ ಇನ್ನಷ್ಟು ಹತ್ತಿತು.

ಬೀದಿಯೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿತು. ಸಿದ್ದೀರಮ್ಮನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತಂತೆ. ಸೋತಿದ್ದಕ್ಕಲ್ಲ. ಕಸುಬು ಮಾಡೋ ಕೈಯ ಓಟು ಓಟೇ ಅಲ್ಲ ಅಂದರಲ್ಲ, ಅದಕ್ಕೆ. ಇವತ್ತು ಬಿಟ್ಟರೆ ನಮ್ಮ ಬೀದಿ ಓಟು ಎಂದೆಂದಿಗೂ ಕಸದ ಬುಟ್ಟಿಗೇ ಅಂದಳಂತೆ.

ತಾಲ್ಲೂಕು ಕೋರ್ಟಿಗೆ ನಡೆದೇ ಹೋದಳು. ನಲವತ್ತು ಮೈಲಿ ಅಂತಾರೆ. ನಮ್ಮತ್ತೆ ನೂರು ಅಂತಿದ್ದಳು. ಇರೋದು ಹದಿನಾಲ್ಕು, ಇರಲಿ. ಅಲ್ಲಿ ವಕೀಲರು ಹೇಳಿದರಂತೆ: ಅತ್ತು ಕರೆದರೆ ನಡೆಯಲ್ಲಮ್ಮ, ಫಲಿತಾಂಶ ಬಂದ ಮೂವತ್ತು ದಿನದೊಳಗೆ ಅರ್ಜಿ ಬೀಳಬೇಕು, ಎಷ್ಟು ಓಟು, ಏನು ತಪ್ಪಾಯಿತು ಅಂತ ಬಿಡಿಸಿ ಬರೆಸಬೇಕು, ಗೆದ್ದೋನಿಗೂ ಒಂದು ನಕಲು ಕೊಡಬೇಕು, ನಕಲಿಗೂ ನೀನೇ ರುಜು ಹಾಕಬೇಕು.

ರುಜು ಅಂದ್ರೆ? ಅವಳಿಗೆ ಓದೂ ಇಲ್ಲ, ಬರಹವೂ ಇಲ್ಲ. ಹೆಬ್ಬೆಟ್ಟು ಒತ್ತಿದರೆ ಸಾಕು ಅಂದರಂತೆ ವಕೀಲರು. ಬೆರಳಿನ ಗುರುತಿನಿಂದಲೇ ಇಷ್ಟೆಲ್ಲ ಆಗಿರೋದು, ನಾನು ಹೆಸರೇ ಬರೆಯೋಳು ಅಂದಳಂತೆ ಇವಳು. ಅಂಗಳದ ತುಂಬ ಸಿದ್ದೀರಮ್ಮ, ಸಿದ್ದೀರಮ್ಮ ಅಂತ ಕಡ್ಡಿಯಲ್ಲಿ ಗೀಚಿದಳು. ಫಲಿತಾಂಶದ ದಿನದಿಂದ ಲೆಕ್ಕ ಹಿಡಿದು ದಿನಕ್ಕೊಂದು ಗಂಟು ನೂಲಿಗೆ ಹಾಕುತ್ತಿದ್ದಳು. ಇಪ್ಪತ್ತೊಂಬತ್ತನೇ ಗಂಟು ಬಿದ್ದ ದಿನ ಹೋಗಿ, ಅರ್ಜಿಗೂ ನಕಲಿಗೂ ರುಜು ಹಾಕಿ ಕೊಟ್ಟು ಬಂದಳಂತೆ.

ವಿಚಾರಣೆ ದಿನ ಬಂತು. ಅರಗಿನ ಮುದ್ರೆ ಒಡೆದು, ಜಡ್ಜ್ ಸಾಹೇಬರ ಮುಂದೆಯೇ ಓಟಿನ ಚೀಟಿಗಳ ಚೀಲ ಬಿಚ್ಚಿದರು. ನೀಲಿ ನೋಡಿದರೆ ಯಾರು ಅಂತ ಗೊತ್ತಾಗುತ್ತಲ್ಲ ಸ್ವಾಮಿ ಅಂದರು ಮರಿಬಸಪ್ಪನ ವಕೀಲರು. ಸಿದ್ದೀರಮ್ಮ ಎದ್ದು ನಿಂತಳು.

“ಬೀದಿ ಗೊತ್ತಾಗುತ್ತೆ ಬುದ್ಧಿ, ಮನುಷ್ಯ ಗೊತ್ತಾಗಲ್ಲ. ಬೇಕಾದರೆ ನೋಡೇಬಿಡಿ.”

ಇಡೀ ಬೀದಿಯೇ ಅವಳ ಹಿಂದೆ ಬಂದಿತ್ತು ನೋಡಿ! ಹೊರಗೆ ಒಬ್ಬೊಬ್ಬರೂ ಕೈ ಒದ್ದೆ ಮಾಡಿ ಬಿಳೀ ಕಾಗದ ಹಿಡಿದು ಕೊಟ್ಟರು. ಗುಮಾಸ್ತರು ಒಂದೊಂದಕ್ಕೂ ನಂಬರು ಹಾಕಿ, ಯಾರದು ಅಂತ ತಮ್ಮ ಪಟ್ಟಿಯಲ್ಲಿ ಬರೆದುಕೊಂಡು, ಎಲ್ಲ ಕಲೆಸಿ ಒಳಗೆ ತಂದರು. ಯಾವುದು ಯಾರದು ಹೇಳಿ ಅಂದರು ಜಡ್ಜ್. ಮರಿಬಸಪ್ಪನ ವಕೀಲರು ಬಹಳ ಹೊತ್ತು ತಿರುವಿ, ಒಂದು ಕಾಗದ ಎತ್ತಿ, ಇದು ಆ ಬಾಗಿಲ ಹತ್ತಿರ ನಿಂತಿರೋ ಮುದುಕರದು ಅಂದರಂತೆ. ಅಯ್ಯೋ ಶಿವನೇ! ಪಟ್ಟಿ ನೋಡಿದರೆ ಅದು ಕೋರ್ಟಿನ ಜವಾನನದು! ಬೆಳಿಗ್ಗೆ ಇವರು ಸಂತೆಗೆ ಅಂತ ತಂದಿದ್ದ, ಇನ್ನೂ ಒಣಗದ ನೂಲಿನ ಗಂಟು ಇಳಿಸಿಕೊಳ್ಳೋಕೆ ಹೋಗಿ ಅವನ ಕೈಗೂ ಬಣ್ಣ ಹತ್ತಿತ್ತು, ನಾನೂ ಒಂದು ಕೊಡ್ತೀನಿ ಅಂತ ಸಾಲಲ್ಲಿ ನಿಂತುಬಿಟ್ಟಿದ್ದ. ಜಡ್ಜ್ ಸಾಹೇಬರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರಂತೆ. ಮರಿಬಸಪ್ಪನೂ ನಕ್ಕನಂತೆ, ಮೀಸೆ ಮುಚ್ಚಿಕೊಂಡು.

ಮೂವತ್ತೊಂದನ್ನೂ ಎಣಿಸಿ ಅಂತ ಅಪ್ಪಣೆಯಾಯಿತು. ಇಪ್ಪತ್ತೆಂಟು ಸಿದ್ದೀರಮ್ಮನಿಗೆ, ಮೂರು ಮರಿಬಸಪ್ಪನಿಗೆ. ಹದಿನಾರು ಓಟಿಂದ ಗೆದ್ದಳು! ತಮಟೆ ಹೊಡೆದುಕೊಂಡು ಊರಿಗೆ ಬಂದರಂತೆ. ಹೆಂಗಸರು ದಾರಿಯುದ್ದಕ್ಕೂ ಕುಣಿದರಂತೆ.

ಊರ ಬಾಗಿಲಿಗೆ ಬಂದ ಮೇಲೆ ಯಾರಿಗೋ ಹೊಳೆಯಿತು. ಅಲ್ರೀ, ಆ ಮೂರು? ನಮ್ಮ ಬೀದಿಯೋರೇ ಮೂರು ಜನ ಗಿರಣಿಯೋನಿಗೆ ಹಾಕಿದಾರೆ! ತಮಟೆ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿದರು. ಹಿಡೀರಿ ಅಂದರು, ದೇವರ ಮುಂದೆ ಪ್ರಮಾಣ ಮಾಡಿಸಿ ಅಂದರು. ಸಿದ್ದೀರಮ್ಮ ಕೆಂಡವಾದಳಂತೆ.

“ಯಾರ ಕೈ ಅಂತ ಯಾರಿಗೂ ತಿಳಿಯಲ್ಲ ಅಂತ ಜಡ್ಜ್ ಮುಂದೆ ಹೇಳಿ ಬಂದಿದ್ದೀನಿ. ಈಗ ನೀವು ಹುಡುಕಿದರೆ ನಾನು ಸುಳ್ಳಿ ಆಗಲ್ವೇನ್ರೋ? ಆ ಮೂರೂ ನಾನು ಗೆಲ್ಲಿಸಿಕೊಂಡು ಬಂದ ಓಟೇ. ಹೊಡೀರೋ ತಮಟೆ!”

ಹೊಡೆದರು. ಆ ಮೂವರೂ ಅದೇ ಗುಂಪಲ್ಲಿ ಕುಣಿದಿರಬೇಕು, ಪಾಪ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಈಗಲೂ ನಮ್ಮ ಬೀದಿಯಲ್ಲಿ ಯಾರಿಗೆ ಹಾಕಿದೆ ಅಂತ ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ಗಂಡ ಹೆಂಡತಿಯನ್ನ ಕೇಳೋ ಹಾಗಿಲ್ಲ, ಅಪ್ಪ ಮಗನ್ನ ಕೇಳೋ ಹಾಗಿಲ್ಲ. ಕೇಳಿದೋರು ಸಿದ್ದೀರಮ್ಮನ ಹೆಸರಲ್ಲಿ ಇಡೀ ಬೀದಿಗೆ ಒಬ್ಬಟ್ಟು ಹಾಕಬೇಕು. ಹೋದ ಸಲ ಬಾಯಿ ತಡೀಲಾರದೆ ಸೊಸೆಯನ್ನ ನಾನೇ ಕೇಳಿಬಿಟ್ಟೆ. ಇನ್ನೂರು ಒಬ್ಬಟ್ಟು ತಟ್ಟಿದೆ ಕಣ್ರಪ್ಪ, ರಟ್ಟೆ ಬಿದ್ದುಹೋಯಿತು. ಆ ಹುಡುಗಿ ನಾಲ್ಕು ತಿಂದಳು, ಒಂದು ಮಾತೂ ಬಿಡಲಿಲ್ಲ.