ಕಣಜಕ್ಕೆ ಪ್ಯಾಚು ಕಳಿಸಿದ ಪಾಲಯ್ಯ

ಪೆದ್ದ ಅಂದ್ರೆ ಎಂಥೋನು ಗೊತ್ತಾ ನಿಮಗೆ? ಹೇಳಿದ್ದನ್ನ ಮಾಡದೆ ಇರೋನು ಪೆದ್ದ ಅಲ್ಲ, ಅವನು ಜಾಣ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನಲ್ಲ, ಅವನು ಪೆದ್ದ. ಅಂಥೋನು ಒಬ್ಬ ಕೆಂಗಟ್ಟೆ ಅನ್ನೋ ಊರಲ್ಲಿದ್ದ. ಹೆಸರು ಪಾಲಯ್ಯ. ಅವರವ್ವ ಗಾದ್ರಮ್ಮ. ಮನೇಲಿ ಇಬ್ಬರೇ. ಮಗನಿಗೆ ಮೂವತ್ತೆಂಟು ವರ್ಷ, ಅವ್ವನಿಗೆ ಎಷ್ಟು ಅಂತ ಅವ್ವನಿಗೇ ಗೊತ್ತಿಲ್ಲ.

ಪಕ್ಕದ ಮನೆ ತಿಪ್ಪೇಶಿ ಒಂದಿನ ಜಗಲಿಯಿಂದ ಎದ್ದು, "ಬಾರಪ್ಪ ಪಾಲಯ್ಯ, ಊಟ ಮಾಡಾನ" ಅಂದ. ಬಾಯಿಮಾತಿಗೆ ಎಲ್ಲರೂ ಅನ್ನಲ್ವಾ? "ಆಯ್ತು, ನೀವು ಮಾಡಿ" ಅಂತ ಎಲ್ಲರೂ ಮುಂದಕ್ಕೆ ಹೋಗಲ್ವಾ? ಪಾಲಯ್ಯ ಹೋದ, ಕೂತ, ಉಂಡ. ಮಾರನೇ ದಿನ ತಿಪ್ಪೇಶಿ ರೂಢಿ ತಪ್ಪದೆ ಮತ್ತೆ ಅಂದ. ಪಾಲಯ್ಯ ಮತ್ತೆ ಹೋದ, ಕೂತ, ಉಂಡ. ಮೂರನೇ ದಿನ ತಿಪ್ಪೇಶಿ ಬಾಗಿಲು ಹಾಕ್ಕೊಂಡು ಉಂಡ. ದಾರೀಲಿ ಯಾರಾದ್ರೂ "ಹೆಂಗಿದೀಯ?" ಅಂದ್ರೆ ಸಾಕು, ಹಲ್ಲುನೋವಿನಿಂದ ಹಿಡಿದು ಹಿಮ್ಮಡಿ ಬಿರುಕಿನವರೆಗೂ ಹೇಳೋನು. ಬರ್ತಾ ಬರ್ತಾ ಊರಲ್ಲಿ ಎಲ್ಲರೂ ಅವನನ್ನ ಮಾತಾಡಿಸೋದೇ ಬಿಟ್ಟರು.

ಗಾದ್ರಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಾನಿರೋಗಂಟ ನಾನು ಮಾತಾಡ್ತೀನಿ. ಆಮೇಲೆ ಯಾರೋ ನಿಂಗೆ? ಗೋಡೆ ಮಾತಾಡುತ್ತಾ?"

"ಗೋಡೆ ಮಾತಾಡಲ್ಲ ಕಣವ್ವ."

"ಅಯ್ಯೋ ನನ್ನ ಕರ್ಮವೇ!"

ಆದರೆ ಒಂದು ವಿದ್ಯೆ ಅವನಿಗೆ ಒಲಿದಿತ್ತು. ಊರಿನ ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋನು ಅವನೇ. ಕಂಪ್ಯೂಟರೂ ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತೆ, ಇವನೂ ಹಾಗೇ. ಇಬ್ಬರಿಗೂ ಒಂದು ದಿನವೂ ಜಗಳ ಆಗಿಲ್ಲ.

ಈಗ ನಮ್ಮ ಗುಂಪಿನ ವಿಷಯ ಹೇಳ್ಬೇಕು. ಹಳ್ಳಿ ಬಸ್‌ಸ್ಟಾಪುಗಳಲ್ಲಿ ಬಸ್ಸಿನ ಟೈಮು ತೋರಿಸೋ ಬೋರ್ಡು ಇದೆಯಲ್ಲ, ನಲವತ್ತೆರಡು ಊರಲ್ಲಿ, ಅದರ ಪ್ರೋಗ್ರಾಂ ನಮ್ಮದು. ನಮ್ಮದು ಅಂದ್ರೆ ಯಾರದೂ ಅಲ್ಲ, ಎಲ್ಲರದೂ. ಅದನ್ನ ಇಟ್ಟಿರೋ ಜಾಗಕ್ಕೆ ರಿಪಾಸಿಟರಿ ಅಂತಾರೆ, ನಾವು ಕಣಜ ಅಂತೀವಿ. ಯಾರು ಬೇಕಾದ್ರೂ ಒಂದು ಪ್ರತಿ ತಗೋಬಹುದು. ತಪ್ಪು ಕಂಡ್ರೆ ತಿದ್ದಿ, ತಿದ್ದಿದ್ದಷ್ಟನ್ನ ಕಳಿಸಬಹುದು. ಅದೇ ಪ್ಯಾಚು. ಕಣಜ ಕಾಯೋರು ಸುಲೋಚನಕ್ಕ. ಅಕ್ಕ ನೋಡಿ ಸರಿ ಅಂದ್ರೆ ಪ್ಯಾಚು ಕಣಜಕ್ಕೆ ಸೇರುತ್ತೆ, ಕಳಿಸಿದವರ ಹೆಸರು ಪಟ್ಟಿಗೆ ಸೇರುತ್ತೆ. ಪಟ್ಟೀಲಿ ಹೆಸರಿದ್ದೋರಿಗೆಲ್ಲ ವರ್ಷಕ್ಕೊಂದು ಕೂಟ. ಅಲ್ಲೀವರೆಗೂ ಒಬ್ಬರ ಮುಖ ಒಬ್ಬರು ನೋಡಿರಲ್ಲ, ಎಲ್ಲಾ ಮೇಲ್‌ನಲ್ಲೇ.

ಕೆಂಗಟ್ಟೆ ಬೋರ್ಡಿನ ಕೆಳಗೆ "ತಪ್ಪಿದ್ದರೆ ತಿದ್ದಿ ಕಳಿಸಿ" ಅಂತ ಬರೆದಿತ್ತು. ಊರವರೆಲ್ಲ ಓದಿದ್ರು, ಬೀಡಿ ಹಚ್ಚಿದ್ರು, ಸುಮ್ಮನಾದ್ರು. ಪಾಲಯ್ಯ ಓದಿದ, ಮನೆಗೆ ಹೋಗಿ ಅವ್ವನಿಗೆ ಹೇಳಿದ.

"ಒಂದು ಸೇರಿದ್ರೆ ಸಾಕೇನೋ? ಕೂಟಕ್ಕೆ ಕರೀತಾರಾ? ಜೊತೇಲಿ ಕೂರಿಸಿ ಮಾತಾಡ್ತಾರಾ?"

"ಹೂಂ ಕಣವ್ವ."

"ಹಂಗಾರೆ ಒಂದು ಸೇರಿಸಿಬಿಡು ನನ್ನಪ್ಪ. ನೀನು ನಾಕು ಜನರ ಜೊತೆ ನಗೋದು ಒಂದ್ಸಲ ಆದ್ರೆ ಸಾಕು, ನಾನು ನೆಮ್ಮದಿಯಾಗಿ ಹೋಗ್ತೀನಿ."

ಏಳು ಹತ್ತರ ಬಸ್ಸು ಬೋರ್ಡಲ್ಲಿ ಏಳು ನಲವತ್ತು ಅಂತಿತ್ತು. ತಿದ್ದೋಕೆ ಒಂದು ಅಂಕೆ. ನಮ್ಮ ಪಾಲಯ್ಯ ಅದನ್ನ ತಿದ್ದಿದ. ತಿದ್ದಿ ಅಂತ ತಾನೇ ಬರೆದಿದ್ದು? ಪಕ್ಕದ ಸಾಲನ್ನೂ ತಿದ್ದಿದ. ಬಣ್ಣ ಬದಲಾಯಿಸಿದ, ಅಕ್ಷರ ದಪ್ಪ ಮಾಡಿದ, ಊರುಗಳನ್ನ ಅಕಾರಾದಿಯಲ್ಲಿ ಜೋಡಿಸಿದ. ನಾಲ್ಕು ಸಾವಿರ ಸಾಲಿನ ಪ್ಯಾಚು! ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿ ಕಳಿಸಿದ.

ಸುಲೋಚನಕ್ಕ ಕೆಂಡ ಆದರು. "ಏನಯ್ಯಾ ಇದು? ಇದನ್ನ ನಾನು ಯಾವ ಜನ್ಮದಲ್ಲಿ ಓದಿ ಮುಗಿಸ್ಲಿ? ಒಂದು ಪ್ಯಾಚಿಗೆ ಒಂದು ಬದಲಾವಣೆ! ಚಿಕ್ಕಚಿಕ್ಕದಾಗಿ ಮಾಡಿ ಕಳಿಸು!"

"ಆಗ್ಲಿ ಅಕ್ಕ, ಮುಂದಿನ ಸಲ ಹಾಗೇ ಮಾಡ್ತೀನಿ" ಅಂತ ಬರೆದ. ಬರೆದು ಅವ್ವನ ಹತ್ರ ಓಡಿದ. "ಅವ್ವಾ! ನಂಗೆ ಕಾಗದ ಬಂತು! ಮೂರು ಸಾಲು!"

"ಏನಂದ್ರೋ?"

"ಬೈದ್ರು ಕಣವ್ವ." ಮುಖ ಮೊರದಗಲ ಆಗಿತ್ತು.

ತಿಂಗಳಾದ ಮೇಲೆ ಒಂಬತ್ತು ಇಪ್ಪತ್ತರ ಬಸ್ಸಿನ ಟೈಮು ಒಂಬತ್ತು ಮೂವತ್ತೊಂದಕ್ಕೆ ಬದಲಾಯ್ತು. ಹನ್ನೊಂದು ನಿಮಿಷ. ಚಿಕ್ಕಚಿಕ್ಕದಾಗಿ ಅಂದಿದ್ದರಲ್ಲ ಅಕ್ಕ? ಒಂಬತ್ತು ಇಪ್ಪತ್ತನ್ನ ಇಪ್ಪತ್ತೊಂದು ಮಾಡಿ ಒಂದು ಪ್ಯಾಚು. ಇಪ್ಪತ್ತೊಂದನ್ನ ಇಪ್ಪತ್ತೆರಡು ಮಾಡಿ ಇನ್ನೊಂದು. ನಗ್ಬೇಡಿ, ಕೇಳಿ. ನಿಮಿಷಕ್ಕೊಂದರಂತೆ ಹನ್ನೊಂದು ಪ್ಯಾಚು!

"ನಿನಗೇನು ತಲೆ ನೆಟ್ಟಗಿದೆಯಾ?" ಅಕ್ಕ ಬರೆದರು. "ಒಂದರ ಹಿಂದೆ ಒಂದು ಕಳಿಸ್ತೀಯಲ್ಲ, ಯಾಕೆ ಅಂತ ಒಂದು ಮಾತು ಬರೆದಿದೀಯಾ? ಏನಾಯ್ತು, ಯಾಕೆ ಬದಲಾಯಿಸಿದೆ, ಬಿಡಿಸಿ ಬರಿ! ಬರೀದೆ ಕಳಿಸಬೇಡ!"

"ಆಗ್ಲಿ ಅಕ್ಕ, ಮುಂದಿನ ಸಲ ಹಾಗೇ ಮಾಡ್ತೀನಿ."

ಮುಂದಿನ ಸಲ ಬರೆದ ನೋಡಿ! ಒಂದು ಅಂಕೆಯ ಪ್ಯಾಚಿಗೆ ಏಳು ಪುಟ ವಿವರ. ಸಂಜೆ ಬಸ್ಸು ತಡ ಯಾಕೆ ಅಂದ್ರೆ ಡ್ರೈವರು ದಾರೀಲಿ ನಿಲ್ಲಿಸ್ತಾನೆ. ಯಾಕೆ ನಿಲ್ಲಿಸ್ತಾನೆ ಅಂದ್ರೆ ಅಲ್ಲಿ ಅವನ ತಂಗಿ ಮನೆ ಇದೆ. ತಂಗಿಗೆ ಹುಷಾರಿಲ್ಲ. ನಮ್ಮವ್ವನಿಗೂ ಮಂಡಿನೋವು. ನಾನು ಸ್ಟಾಪಿನಲ್ಲಿ ನಿಂತಾಗ ಆ ಡ್ರೈವರು ಒಬ್ಬನೇ ನನಗೆ ಹಾರ್ನು ಹೊಡೀತಾನೆ. ಬೇರೆ ಯಾರೂ ನನ್ನನ್ನ ಮಾತಾಡಿಸಲ್ಲ. ಹೀಗೇ ಏಳು ಪುಟ! ನಾವೆಲ್ಲ ಒಬ್ಬರಿಗೊಬ್ಬರು ಕಳಿಸ್ಕೊಂಡು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳ್ಲಿ.

ಅಕ್ಕ ಓದಿ ಮುಗಿಸೋ ಹೊತ್ತಿಗೆ ಆ ತಪ್ಪನ್ನ ಬೇರೆ ಯಾರೋ ತಿದ್ದಿ ಕಳಿಸಿದ್ದರು. "ನಿನ್ನ ಮನೆ ಕತೆ ಯಾರು ಕೇಳಿದ್ರಪ್ಪಾ? ಬೇರೆಯವರು ಹೇಗೆ ಬರೀತಾರೆ ಅಂತ ನೋಡು! ಅವರ ಹಾಗೇ ಬರಿ!"

"ಆಗ್ಲಿ ಅಕ್ಕ."

ನೋಡಿದ. ಕಣಜಕ್ಕೆ ಸೇರಿದ ಪ್ಯಾಚುಗಳಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ರೇಷ್ಮಾ ಅನ್ನೋ ಹುಡುಗಿ ಬರೆದದ್ದು. ಅವರ ಹಾಗೇ ಬರಿ ಅಂದಮೇಲೆ ಮುಗೀತು. ಮೂರನೇ ದಿನ ಪಾಲಯ್ಯನ ಪ್ಯಾಚು ಬಂತು, ಜೊತೆಗೆ ಒಂದು ಸಾಲು: "ಬಾಣಂತನ ಮುಗಿಸಿ ಬಂದಿದ್ದೇನೆ. ಮಗು ಆರೋಗ್ಯವಾಗಿದೆ. ರಜಾದಿನದ ಪಟ್ಟಿ ತಿದ್ದಿದೆ."

ಅವನು ತಿದ್ದಿದ್ದು ರಜಾದಿನದ ಪಟ್ಟಿಯಲ್ಲ, ಬೇರೇನೋ. ಅಕ್ಕ ಪ್ಯಾಚನ್ನ ಹಾಗೇ ವಾಪಸ್ ಕಳಿಸಿದರು. ಗುಂಪಿನ ಆರು ಜನ ಪಾಲಯ್ಯನಿಗೆ ಶುಭಾಶಯ ಬರೆದರು, ಕೀಟಲೆಗೆ. ಅವನು ಆರು ಜನಕ್ಕೂ ಉತ್ತರ ಬರೆದ. "ಅವ್ವಾ, ಆರು ಕಾಗದ!" ಅಂದ.

ಇಷ್ಟಾದ ಮೇಲೆ ಸುಲೋಚನಕ್ಕನಿಗೆ ಕಣ್ಣಿನ ಆಪರೇಷನ್ ಆಯ್ತು. ಹದಿನೈದು ದಿನ ಕಂಪ್ಯೂಟರ್ ಮುಟ್ಟೋ ಹಾಗಿಲ್ಲ. ಕಣಜ ನೋಡ್ಕೊಳ್ಳಿ ಅಂತ ಎಲ್ಲರಿಗೂ ಬರೆಸಿದರು. ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಪರೀಕ್ಷೆ ಡ್ಯೂಟಿ, ನನಗೆ ಸೋಮಾರಿತನ. ಕರೆದ ತಕ್ಷಣ "ಹೂಂ" ಅಂದೋನು ಪಾಲಯ್ಯ ಒಬ್ಬನೇ. ಬೇರೆ ದಾರಿ ಇಲ್ಲದೆ ಅಕ್ಕ ಪಾಸ್‌ವರ್ಡು ಅವನ ಕೈಗೆ ಕೊಟ್ಟರು. "ನೋಡಪ್ಪಾ, ಹೊಸದೇನೂ ಸೇರಿಸೋಕೆ ಹೋಗ್ಬೇಡ. ಬೋರ್ಡು ತಪ್ಪು ತೋರಿಸಿದ್ರೆ ಹೆದರ್ಬೇಡ. ಹಳೇ ಆವೃತ್ತಿ ಎಲ್ಲಾ ಕಣಜದಲ್ಲಿ ಇದ್ದೇ ಇರುತ್ತೆ. ತಪ್ಪಿಲ್ಲದೆ ಇದ್ದ ಆವೃತ್ತಿಗೆ ವಾಪಸ್ ಹೋಗಿಬಿಡು."

ನಾಲ್ಕನೇ ದಿನ ಒಂದು ದೂರು ಬಂತು. ಪಾಲಯ್ಯ ಹಿಂದಿನ ಆವೃತ್ತಿ ತೆಗೆದ. ಒಂದೊಂದೇ ಸಾಲು ನೋಡಿದ, ಅದರಲ್ಲೂ ಒಂದು ತಪ್ಪು. ಅದರ ಹಿಂದಿನದು, ಅದರಲ್ಲಿ ಎರಡು ತಪ್ಪು. ಅದರ ಹಿಂದಿನದು, ಅದರ ಹಿಂದಿನದು. ಮೂರು ದಿನ ಕೂತು ಒಂಬತ್ತು ವರ್ಷ ಹಿಂದಕ್ಕೆ ಹೋದ. ಕೊನೆಗೆ ಸಿಕ್ತು. ಮೊಟ್ಟಮೊದಲ ದಿನದ ಆವೃತ್ತಿ. ಅದರಲ್ಲಿ ಒಂದು ಬಸ್ಸೂ ಇಲ್ಲ. ಬಸ್ಸೇ ಇಲ್ಲ ಅಂದಮೇಲೆ ತಪ್ಪು ಎಲ್ಲಿಂದ ಬರುತ್ತೆ? ಹಾಕಿಬಿಟ್ಟ!

ನಲವತ್ತೆರಡು ಊರಲ್ಲಿ ಬೋರ್ಡು ಖಾಲಿ. ಜನ ಬಸ್ಸೆಲ್ಲ ನಿಂತೇ ಹೋಯ್ತು ಅಂದ್ಕೊಂಡು ಆಟೋ ಹಿಡಿದ್ರು, ನಡ್ಕೊಂಡು ಹೋದ್ರು, ಒಂದೂರಲ್ಲಂತೂ ರಸ್ತೆ ತಡೆ ಮಾಡಿದ್ರು. ಅಕ್ಕ ಕಣ್ಣಿಗೆ ಕಟ್ಟಿದ್ದ ಪಟ್ಟಿ ಕಿತ್ತು ಹತ್ತೇ ನಿಮಿಷದಲ್ಲಿ ಎಲ್ಲಾ ಸರಿ ಮಾಡಿದರು. ಆಮೇಲೆ ಬರೆದರು ನೋಡಿ, ಅಷ್ಟು ಸಿಟ್ಟಿನ ಕಾಗದ ನಾನು ಓದಿಲ್ಲ.

"ನಿನ್ನ ಸಹವಾಸ ಸಾಕು ಮಹರಾಯ! ಇನ್ನುಮೇಲೆ ನಮ್ಮ ಕಣಜದ ಕಡೆ ತಲೆ ಹಾಕ್ಬೇಡ. ನಿನ್ನದೇ ಒಂದು ಪ್ರತಿ ಇಟ್ಕೊ, ಅದರಲ್ಲಿ ಏನಾದ್ರೂ ಮಾಡ್ಕೊ. ಅಲ್ಲೂ ಅಷ್ಟೇ, ಇನ್ನೊಬ್ಬರು ನೋಡಿ ಸರಿ ಅನ್ನದೆ ಒಂದಕ್ಷರ ಸೇರಿಸಬೇಡ!"

"ಆಗ್ಲಿ ಅಕ್ಕ, ಹಾಗೇ ಮಾಡ್ತೀನಿ" ಅಂದ. ಅಲ್ಲಿಗೆ ಅವನಿಗೆ ಕಾಗದ ಬರೋದೂ ನಿಂತಿತು.

ಪಾಲಯ್ಯ ತನ್ನದೇ ಒಂದು ಪ್ರತಿ ಮಾಡ್ಕೊಂಡ. ಕೆಂಗಟ್ಟೆ ಬೋರ್ಡು ನಡೆಯೋದು ಡೈರಿಯ ಕಂಪ್ಯೂಟರಿನಿಂದಲೇ, ಅದಕ್ಕೆ ಈ ಪ್ರತಿಯನ್ನೇ ಹಾಕಿದ. ಬೆಳಿಗ್ಗೆ ಡೈರಿ ಮುಗಿಸಿ ಬಸ್‌ಸ್ಟಾಪಿಗೆ ಹೋಗಿ ನಿಲ್ಲೋನು. ಬಂದ ಬಸ್ಸು, ಹೋದ ಬಸ್ಸು, ನಿಮಿಷ ತಪ್ಪದೆ ಬರ್ಕೊಳ್ಳೋನು. ಮನೆಗೆ ಬಂದು ಪ್ಯಾಚು ಮಾಡೋನು. ಮಾಡಿದ್ದನ್ನ ಇನ್ನೊಬ್ಬರು ನೋಡ್ಬೇಕಲ್ಲ? ಯಾರಿದಾರೆ?

"ಅವ್ವಾ, ಬಾ ಇಲ್ಲಿ. ನೋಡು."

ಗಾದ್ರಮ್ಮನಿಗೆ ಓದೋಕೆ ಬರಲ್ಲ. ಆದರೂ ಕೈ ಒರೆಸಿಕೊಂಡು ಬಂದು ಕೂರೋಳು. ಪರದೆ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆಯೋಳು. "ಇದೇನೋ ಇರುವೆ ಸಾಲು?"

"ಬಸ್ಸು ಕಣವ್ವ. ಹನ್ನೆರಡೂವರೆದು."

"ನೀನು ನಿಂತು ನೋಡಿದ್ಯಾ?"

"ನೋಡಿದೆ."

"ಇನ್ನೊಂದಿನ ನಿಂತು ನೋಡು. ಆಮೇಲೆ ಸರಿ ಅಂತೀನಿ."

ಇವನು ಇನ್ನೊಂದಿನ ನಿಲ್ಲೋನು. ಮೂರನೇ ದಿನ ಅವ್ವ "ಸರಿ" ಅನ್ನೋಳು. ಇವನು ಕೆಳಗೆ ಬರೆಯೋನು: "ನೋಡಿದವರು: ಗಾದ್ರಮ್ಮ." ಹೀಗೆ ಎರಡು ವರ್ಷ ನಡೀತು. ನೂರ ಅರವತ್ತಮೂರು ಪ್ಯಾಚು, ನೂರ ಅರವತ್ತಮೂರು ಗಾದ್ರಮ್ಮ.

ಪ್ರತಿ ಸಲ ಕೇಳೋಳು, "ಈಗಲಾದ್ರೂ ಕೂಟಕ್ಕೆ ಕರೀತಾರೇನೋ?"

"ಇಲ್ಲ ಕಣವ್ವ. ಇದು ನಮ್ಮ ಕಣಜ. ಇದರಲ್ಲಿ ನಾವಿಬ್ಬರೇ."

ಒಂದು ಸೋಮವಾರ ಗಾದ್ರಮ್ಮನಿಗೆ ಜ್ವರ ಬಂತು. ಗುರುವಾರ ಹೋಗಿಬಿಟ್ಟಳು. ಊರವರು ಬಂದರು, ಮಣ್ಣು ಮಾಡಿದರು, "ಧೈರ್ಯ ತಂದ್ಕೊ" ಅಂದರು, ಹೋದರು. ಆಮೇಲೆ ಆ ಮನೆಗೆ ಯಾರೂ ಹೋಗಲಿಲ್ಲ. ಪಾಲಯ್ಯ ಬಸ್‌ಸ್ಟಾಪಿಗೆ ಹೋಗೋದು ತಪ್ಪಿಸಲಿಲ್ಲ. ನಿಂತ, ಬರ್ಕೊಂಡ, ಪ್ಯಾಚು ಮಾಡಿದ. ಸೇರಿಸಲಿಲ್ಲ. ನೋಡೋರು ಯಾರೂ ಇರಲಿಲ್ಲ. ಹೇಳೋಕೆ ನನಗೇ ಸಂಕಟ ಆಗುತ್ತೆ, ಒಂದು ತಿಂಗಳು ಆ ಮನುಷ್ಯನ ಜೊತೆ ಯಾರೂ ಒಂದು ಮಾತು ಆಡಿಲ್ಲ.

ಅದೇ ಹೊತ್ತಿಗೆ ಸುಲೋಚನಕ್ಕ ಆ ಕಡೆ ಹೋಗಿದ್ದರಂತೆ. ಹೋದ ಊರಲ್ಲೆಲ್ಲ ನಮ್ಮ ಬೋರ್ಡು ಒಂದಲ್ಲ ಒಂದು ತಪ್ಪು ತೋರಿಸ್ತಿತ್ತು. ಕೆಂಗಟ್ಟೆ ಮೇಲೆ ಬಸ್ಸು ಹಾದುಹೋದಾಗ ಕಿಟಕಿಯಿಂದ ನೋಡಿದರು. ತಾವು ಕೂತಿದ್ದ ಬಸ್ಸಿನ ಟೈಮು ಆ ಬೋರ್ಡಲ್ಲಿ ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ! ಮನೆಗೆ ಬಂದು ಪಾಲಯ್ಯನ ಕಣಜ ತೆರೆದು ಕೂತರು. ಎರಡು ದಿನ ಎದ್ದಿಲ್ಲ. ಆಮೇಲೆ ಬರೆದರು.

"ಪಾಲಯ್ಯ, ನಿನ್ನ ನೂರ ಅರವತ್ತಮೂರೂ ನೋಡಿದೆ. ಒಂದರಲ್ಲೂ ಹುಳುಕಿಲ್ಲ ಕಣೋ. ಎಲ್ಲಾ ನಮ್ಮ ಕಣಜಕ್ಕೆ ತಗೊಂಡಿದೀನಿ. ನಿನ್ನ ಹೆಸರು ಪಟ್ಟಿಗೆ ಸೇರಿದೆ. ಹದಿನೆಂಟಕ್ಕೆ ದಾವಣಗೆರೆಯಲ್ಲಿ ಕೂಟ, ಬರಲೇಬೇಕು. ಆ ಗಾದ್ರಮ್ಮನವರು ಯಾರೋ ನಾನು ಕಾಣೆ. ಅಷ್ಟು ಶ್ರದ್ಧೆಯಿಂದ ನೋಡೋರು ನಮ್ಮಲ್ಲಿ ಯಾರೂ ಇಲ್ಲ. ಅವರನ್ನ ಕರ್ಕೊಂಡೇ ಬಾ. ನೀನೊಬ್ಬನೇ ಬಂದ್ರೆ ಬಾಗಿಲೊಳಗೆ ಬಿಡಲ್ಲ, ನೋಡ್ತಿರು!"

ಇದು ಪ್ರೀತಿ ಮಾತು. ನಮ್ಮ ಕಡೆ ಎಲ್ಲರೂ ಹೀಗೇ ಕರೆಯೋದು. ಮನೆಯವರನ್ನ ಬಿಟ್ಟು ಬಂದ್ರೆ ಒಳಗೆ ಸೇರಿಸಲ್ಲ ಅಂತೀವಿ, ಒಬ್ಬರೇ ಬಂದ್ರೂ ಕೈ ಹಿಡಿದು ಒಳಗೆ ಕರ್ಕೊತೀವಿ. ಯಾರಿಗೆ ಗೊತ್ತಿಲ್ಲ ಇದು!

ಹದಿನೆಂಟನೇ ತಾರೀಕು ಒಂದು ಶಾಲೆಯಲ್ಲಿ ಸೇರಿದ್ವಿ, ಮೂವತ್ತು ಜನ. ಅಕ್ಕ ಮುಂದಿನ ಸಾಲಲ್ಲಿ ಎರಡು ಕುರ್ಚಿ ಖಾಲಿ ಬಿಡಿಸಿದ್ದರು. ಮಧ್ಯಾಹ್ನ ಹೋಳಿಗೆ ಊಟ. ಎರಡು ಎಲೆ ಹಾಕಿ ಕಾದರು. "ಬರಲಿಲ್ಲವಲ್ಲ ಪುಣ್ಯಾತ್ಮ, ಇವನ ಮನೆ ಕಾಯೋಗ" ಅಂತ ಬೈದರು. ನಾವು ಬಾಣಂತನದ ಕತೆ ತೆಗೆದು ನಕ್ಕೆವು. ನಾನು ಕೈ ತೊಳೆಯೋಕೆ ಅಂತ ಎದ್ದಾಗ ಬಾಗಿಲ ಹೊರಗೆ ಒಬ್ಬ ನಿಂತಿದ್ದು ಕಂಡೆ. ಇಸ್ತ್ರಿ ಮಾಡಿದ ಬಿಳೀ ಅಂಗಿ, ಕೈಯಲ್ಲೊಂದು ಚೀಲ. ವಾಚ್‌ಮನ್ ಇರಬೇಕು ಅಂದ್ಕೊಂಡೆ. "ಊಟ ಆಯ್ತಾ?" ಅಂದೆ. "ಇಲ್ಲ" ಅಂದ. "ಮಾಡಪ್ಪ" ಅಂದು ಒಳಗೆ ಬಂದೆ. ಸಂಜೆವರೆಗೂ ಅಲ್ಲೇ ನಿಂತಿದ್ದ.

ಮಾರನೇ ದಿನ ಅಕ್ಕನಿಗೆ ಮೇಲ್ ಬಂತು.

"ಅಕ್ಕ, ನೀವು ಹೇಳಿದ ಹಾಗೇ ಮಾಡಿದೆ. ಬಂದಿದ್ದೆ. ಅವ್ವ ಹೋಗಿ ಮೂವತ್ತೈದು ದಿನ ಆಯ್ತು, ಕರ್ಕೊಂಡು ಬರೋಕೆ ಆಗಲಿಲ್ಲ. ಒಬ್ಬನೇ ಇದ್ದೆ, ಅದಕ್ಕೆ ಒಳಗೆ ಬರಲಿಲ್ಲ. ಬಾಗಿಲ ಹತ್ರ ನಿಂತಿದ್ದೆ. ನೀವೆಲ್ಲ ನಗೋದು ಚೆನ್ನಾಗಿ ಕೇಳಿಸ್ತು. ನನ್ನ ಹೆಸರು ಎರಡು ಸಲ ಬಂತು. ಒಬ್ಬರು ಊಟ ಆಯ್ತಾ ಅಂತ ಕೇಳಿದ್ರು. ಮುಂದಿನ ವರ್ಷವೂ ನಾನು ಒಬ್ಬನೇ ಇರ್ತೀನಿ ಅಕ್ಕ. ಎಲ್ಲಿ ನಿಲ್ಲಬೇಕು ಅಂತ ಈಗಲೇ ಹೇಳಿ, ಹಾಗೇ ಮಾಡ್ತೀನಿ."